ಥಾನಿ, ಕೋಡ್ ಬ್ಲಾಕ್ಸ್, ವಿಎಸ್ ಕೋಡ್: ಪ್ರೋಗ್ರಾಮಿಂಗ್ ಕಲಿಯುವವರು ಯಾವುದು ಹಾಕಿಕೊಳ್ಳಬೇಕು?

"ಮೂರೂ ಹಾಕ್ಕೊಂಡೀನ್ರಿ ಸರ್, ಒಂದೂ ರನ್ ಆಗವಲ್ದು." ಕಲಬುರಗಿ, ಬೀದರ್, ಯಾದಗಿರಿಯ ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಮೊದಲ ವರ್ಷದವರಿಂದ ಪ್ರತಿ ವರ್ಷ ಕೇಳಿಬರುವ ಮಾತು ಇದು. ಪ್ರೋಗ್ರಾಂ ಬರೆದು ಓಡಿಸುವ ಸಾಫ್ಟ್‌ವೇರ್ ಲ್ಯಾಬಿನಲ್ಲಿ ಇರುವುದು ಒಂದು, ಯೂಟ್ಯೂಬ್ ಪಾಠದಲ್ಲಿ ತೋರಿಸುವುದು ಇನ್ನೊಂದು, ಹಾಸ್ಟೆಲಿನ ಸೀನಿಯರ್ ಹೇಳುವುದು ಮತ್ತೊಂದು. ಕಲಿಯುವವರು ಮೂರನ್ನೂ ಡೌನ್‌ಲೋಡ್ ಮಾಡಿ, ದಿನದ ಡೇಟಾ ಮುಗಿಸಿಕೊಂಡು, ಮೊದಲ ಪ್ರೋಗ್ರಾಂ ಬರೆಯುವ ಮುನ್ನವೇ ಬೇಸತ್ತಿರುತ್ತಾರೆ. ಇವೆಲ್ಲವೂ ಉಚಿತವಾಗಿ ಸಿಗುವುದರಿಂದ ಸಾಫ್ಟ್‌ವೇರಿಗೆ ಹಣ ಬೇಕಿಲ್ಲ. ಖರ್ಚಾಗುವುದು ಕಂಪ್ಯೂಟರಿಗೆ, ಡೇಟಾಗೆ ಮತ್ತು ನಿಮ್ಮ ಸಮಯಕ್ಕೆ. ಆಯ್ಕೆಯನ್ನೂ ಆ ಮೂರರ ಲೆಕ್ಕದಲ್ಲೇ ಮಾಡಬೇಕು.

ಮೊದಲು ನೋಡಬೇಕಾದ್ದು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋದರೆ ಮೆಮೊರಿ ಎಷ್ಟು ಜಿಬಿ ಇದೆ, ಅದರಲ್ಲಿ ಈಗಾಗಲೇ ಎಷ್ಟು ಬಳಕೆಯಾಗಿದೆ, ಡಿಸ್ಕ್ ಎಸ್‌ಎಸ್‌ಡಿಯೋ ಹಳೆಯ ಹಾರ್ಡ್ ಡಿಸ್ಕೋ ಎಂಬುದೆಲ್ಲ ಕಾಣುತ್ತದೆ. ಏನೂ ತೆರೆಯದೆ ಇರುವಾಗಲೇ 4 ಜಿಬಿಯಲ್ಲಿ ಹೆಚ್ಚಿನ ಪಾಲು ತುಂಬಿದ್ದರೆ, ಅಂಥ ಯಂತ್ರಕ್ಕೆ ಭಾರದ ಸಾಫ್ಟ್‌ವೇರ್ ಹಾಕುವ ಯೋಚನೆಯನ್ನೇ ಬಿಡಿ.

ಎರಡನೆಯದು ಕರೆಂಟು ಮತ್ತು ನೆಟ್. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವ ಹೊತ್ತಿಗೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಸುರಪುರ, ಚಿಂಚೋಳಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಮನೆಯೊಳಗೆ ನೆಟ್‌ವರ್ಕ್ ಸಿಗದೆ ಮಾಳಿಗೆ ಹತ್ತುವವರಿದ್ದಾರೆ. ನೆಟ್ ಇಲ್ಲದೆ ಓಡುತ್ತದೆಯೇ, ಕರೆಂಟು ಹೋದಾಗ ಬರೆದದ್ದು ಉಳಿಯುತ್ತದೆಯೇ ಎಂಬುದು ಬೆಂಗಳೂರಿನವರ ವಿಡಿಯೊದಲ್ಲಿ ಬರುವುದಿಲ್ಲ, ನಮಗೆ ಮಾತ್ರ ಅದು ಮೊದಲ ಸಾಲಿನ ಪ್ರಶ್ನೆ.

ಮೂರನೆಯದು ಪಠ್ಯದಲ್ಲಿರುವ ಭಾಷೆ: ಸಿ, ಪೈಥಾನ್, ಜಾವಾ, ಇಲ್ಲವೇ ವೆಬ್. ಎಲ್ಲಕ್ಕೂ ಒಂದೇ ಸಾಫ್ಟ್‌ವೇರ್ ಬೇಕೆಂಬ ಹಟ ಮೊದಲ ವರ್ಷದಲ್ಲಿ ಬೇಡ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಟೈಪ್ ಮಾಡಿದ ಮೇಲೆ ಉತ್ತರ ಕಾಣಲು ಎಷ್ಟು ಹೆಜ್ಜೆ ಬೇಕು, ತಪ್ಪಾದಾಗ ಅದು ಎಲ್ಲಿ ಆಯಿತೆಂದು ಹೇಗೆ ತೋರಿಸುತ್ತದೆ? ಕಲಿಕೆ ನಡೆಯುವುದು ಅಲ್ಲೇ. ಮೊದಲ ಆರು ತಿಂಗಳಿಗೆ ಒಂದೇ ಕೀಲಿಯಲ್ಲಿ ಓಡಬೇಕು, ಒಳಗೆ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಾಣಬೇಕು. ಉಳಿದ ಸೌಲಭ್ಯಗಳಿಗೆಲ್ಲ ಆಮೇಲೆ ಬೆಲೆ.

ಪೈಥಾನ್ ಆದರೆ ಥಾನಿ

ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ಮಾಡಿದ ಸಾಫ್ಟ್‌ವೇರ್ ಇದು. ಡೌನ್‌ಲೋಡ್ ಸುಮಾರು 20 ಎಂಬಿ. ಪೈಥಾನ್ ಅದರೊಳಗೇ ಇದೆ, ಬೇರೆ ಹಾಕಬೇಕಿಲ್ಲ. ಹೀಗಾಗಿ ಪೈಥಾನನ್ನು ಬೇರೆಯಾಗಿ ಹಾಕುವವರಿಗೆ ಎದುರಾಗುವ ದೊಡ್ಡ ತೊಡಕು ಇಲ್ಲಿ ಬರುವುದೇ ಇಲ್ಲ. ಅಲ್ಲಿ ಇನ್‌ಸ್ಟಾಲರಿನ ಮೊದಲ ಪರದೆಯ ಕೆಳಗೆ ‘ಆ್ಯಡ್ ಪೈಥಾನ್ ಟು ಪಾತ್’ ಎಂಬ ಚೌಕವಿರುತ್ತದೆ (ಪಾತ್ ಎಂದರೆ ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ). ಅದಕ್ಕೆ ಟಿಕ್ ಹಾಕದೆ ಮುಂದೆ ಹೋದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ, ಹಾಕಿದ ಪೈಥಾನ್ ಎಲ್ಲಿ ಹೋಯಿತೆಂದು ಹುಡುಕಾಟ ಶುರುವಾಗುತ್ತದೆ.

ಥಾನಿಯ ನಿಜವಾದ ಬಲ, ಪ್ರೋಗ್ರಾಮನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ತಪ್ಪು ಹುಡುಕಲು ನೆರವಾಗುವ ಅದರ ಡಿಬಗ್ಗರ್‌ನಲ್ಲಿದೆ. ಒಂದು ಉದಾಹರಣೆ ನೋಡಿ. ನಾಲ್ಕು ಹೊಲಗಳ ತೊಗರಿ ಚೀಲಗಳನ್ನು ಕೂಡಿಸಬೇಕು: 12, 8, 15, 10. ಮೊತ್ತ 45 ಬರಬೇಕು. ವಿದ್ಯಾರ್ಥಿ ಲಿಸ್ಟ್ ಬರೆದು, ಫಾರ್ ಲೂಪಿನಲ್ಲಿ ರೇಂಜಿಗೆ 1 ಮತ್ತು 4 ಕೊಡುತ್ತಾನೆ. ಪ್ರೋಗ್ರಾಂ ದೋಷವಿಲ್ಲದೆ ಓಡುತ್ತದೆ, ಉತ್ತರ ಮಾತ್ರ 33. ಎಲ್ಲೂ ಕೆಂಪು ಅಕ್ಷರವಿಲ್ಲ, ಎಲ್ಲಿ ಹುಡುಕಬೇಕು? ವ್ಯೂ ಮೆನುವಿನಲ್ಲಿ ವೇರಿಯೇಬಲ್ಸ್ ಎಂಬುದಕ್ಕೆ ಟಿಕ್ ಹಾಕಿ, ಕಂಟ್ರೋಲ್ ಎಫ್5 ಒತ್ತಿ ಡಿಬಗ್ ಶುರು ಮಾಡಿ, ಎಫ್6 ಒತ್ತುತ್ತ, ಲೂಪಿನ ಒಳಗೆ ಹೋಗಲು ಎಫ್7 ಒತ್ತುತ್ತ ಸಾಗಿ. ಬಲಗಡೆಯ ಕಿಟಕಿಯಲ್ಲಿ ಎಣಿಕೆಯ ವೇರಿಯೇಬಲ್ ಮೊದಲ ಸುತ್ತಿನಲ್ಲೇ 1 ಎಂದು ಕಾಣುತ್ತದೆ, ಮೊತ್ತ 0 ಇದ್ದದ್ದು ನೇರವಾಗಿ 8 ಆಗುತ್ತದೆ. 12 ಚೀಲದ ಮೊದಲ ಹೊಲವನ್ನು ಲೂಪು ಮುಟ್ಟಲೇ ಇಲ್ಲ. ಲಿಸ್ಟಿನ ಎಣಿಕೆ 0ಯಿಂದ ಶುರುವಾಗುತ್ತದೆ ಎಂದು ಹತ್ತು ಸಲ ಕೇಳಿದ್ದರೂ ಮರೆಯುವ ಹುಡುಗ ಇದನ್ನು ಒಮ್ಮೆ ನೋಡಿದರೆ ಮರೆಯಲಾರ.

ಕೊರತೆಯೂ ಇದೆ. ಥಾನಿ ಫೈಲನ್ನು ಉಳಿಸುವುದು ನೀವು ಸೇವ್ ಮಾಡಿದಾಗ ಇಲ್ಲವೇ ರನ್ ಮಾಡಿದಾಗ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಅರ್ಧ ಗಂಟೆ ರನ್ ಮಾಡದೆ ಬರೆಯುತ್ತ ಕೂತರೆ, ಕರೆಂಟು ಹೋದಾಗ ಅಷ್ಟೂ ಹೋಗುತ್ತದೆ. ನಾಲ್ಕು ಸಾಲಿಗೊಮ್ಮೆ ಎಫ್5 ಒತ್ತುವ ರೂಢಿ ಮಾಡಿಕೊಳ್ಳಿ. ಅದು ಕಲಿಕೆಗೂ ಒಳ್ಳೆಯದು. ಇನ್ನೊಂದು ಎಚ್ಚರಿಕೆ: ಚಿತ್ರ ಬಿಡಿಸುವ ಟರ್ಟಲ್ ಪಾಠ ಮಾಡುವಾಗ ನಿಮ್ಮ ಫೈಲಿಗೂ ಟರ್ಟಲ್ ಎಂದೇ ಹೆಸರಿಟ್ಟರೆ, ಪೈಥಾನ್ ತನ್ನ ಟರ್ಟಲ್ ಬದಲು ನಿಮ್ಮ ಫೈಲನ್ನೇ ಎತ್ತಿಕೊಂಡು ದೋಷ ಕೊಡುತ್ತದೆ. ರ್‍ಯಾಂಡಮ್, ಮ್ಯಾಥ್ ಮುಂತಾದ ಹೆಸರುಗಳನ್ನೂ ಇಡಬೇಡಿ.

ಹಳೆಯ 32 ಬಿಟ್ ಯಂತ್ರ, ವಿಂಡೋಸ್ 7 ಇದ್ದವರಿಗೂ ದಾರಿಯಿದೆ. ಥಾನಿಯ ಡೌನ್‌ಲೋಡ್ ಪುಟದಲ್ಲಿ ಪೈಥಾನ್ 3.8 ಸೇರಿಸಿದ ಆವೃತ್ತಿ ಬೇರೆಯೇ ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ ಅದೇ, ಮೊದಲ ವರ್ಷದ ಪಾಠಕ್ಕೆ ಧಾರಾಳವಾಗಿ ಸಾಕು.

ಪೈಥಾನ್ ಜೊತೆಗೇ ಬರುವ ಐಡಲ್ ಕೂಡ ಹಗುರ, ಕೆಲಸಕ್ಕೆ ಬರುತ್ತದೆ. ಆದರೆ ಮೇಲೆ ಹೇಳಿದಂತೆ ಹೆಜ್ಜೆ ಹೆಜ್ಜೆಯಾಗಿ ಒಳಗನ್ನು ತೋರಿಸುವುದರಲ್ಲಿ ಥಾನಿಗೆ ಸಾಟಿಯಲ್ಲ. ಪೈಚಾರ್ಮ್ ವೃತ್ತಿಪರರದ್ದು. ಡೌನ್‌ಲೋಡೇ ಒಂದು ಜಿಬಿಯ ಆಸುಪಾಸು, 8 ಜಿಬಿ ಮೆಮೊರಿ ಇರಲಿ ಎನ್ನುತ್ತಾರೆ ಮಾಡಿದವರು. ಎರಡನೇ, ಮೂರನೇ ವರ್ಷದ ಪ್ರಾಜೆಕ್ಟಿಗೆ ಇಟ್ಟುಕೊಳ್ಳಿ.

ಸಿ ಆದರೆ ಕೋಡ್ ಬ್ಲಾಕ್ಸ್, ಟರ್ಬೋ ಸಿ ಬೇಡ

ಟರ್ಬೋ ಸಿ++ ಬೋರ್ಲೆಂಡ್ ಕಂಪನಿ 1990ರ ದಶಕದ ಆರಂಭದಲ್ಲಿ, ವಿಂಡೋಸಿಗೂ ಹಿಂದಿನ ಡಾಸ್‌ಗೆ ಮಾಡಿದ್ದು. ಈಗಿನ 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಂ ನೇರ ಓಡುವುದಿಲ್ಲ, ಡಾಸ್‌ಬಾಕ್ಸ್ ಎಂಬ ಇನ್ನೊಂದರ ಒಳಗೆ ಕೂರಿಸಬೇಕು. ಅದರ ನೀಲಿ ಪರದೆಯನ್ನೇ ನೋಡಿ ಕಲಿಸಿದವರು, ಕಲಿತವರು ನಮ್ಮ ಭಾಗದಲ್ಲಿ ಸಾಕಷ್ಟು ಇದ್ದಾರೆ. ಅವರ ಪಾಠ ಸರಿಯೇ ಇದ್ದೀತು, ಆದರೆ ಇಂದು ಹೊಸದಾಗಿ ಶುರು ಮಾಡುವವರಿಗೆ ಅದನ್ನು ಕೊಡುವುದು ಅನ್ಯಾಯ.

ಫ್ಯಾಕ್ಟೋರಿಯಲ್ ಪ್ರೋಗ್ರಾಂ ತೆಗೆದುಕೊಳ್ಳಿ. ಟರ್ಬೋದಲ್ಲಿ ಪೂರ್ಣಾಂಕ ಹಿಡಿಯುವ ಇಂಟ್ ಎಂದರೆ 2 ಬೈಟ್, ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. 7ರ ಫ್ಯಾಕ್ಟೋರಿಯಲ್ 5040 ಸರಿ ಬರುತ್ತದೆ. 8 ಕೊಟ್ಟರೆ 40320ರ ಬದಲು -25216 ಬರುತ್ತದೆ. ವಿದ್ಯಾರ್ಥಿ ತನ್ನ ಲೂಪಿನಲ್ಲಿ ತಪ್ಪು ಹುಡುಕುತ್ತ ಸಂಜೆ ಕಳೆಯುತ್ತಾನೆ. ಲೂಪು ಸರಿಯೇ ಇರುತ್ತದೆ. ಇಂದಿನ ಜಿಸಿಸಿ ಕಂಪೈಲರಿನಲ್ಲಿ (ಬರೆದದ್ದನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಸಾಫ್ಟ್‌ವೇರ್) ಇಂಟ್ 4 ಬೈಟ್, 12ರ ಫ್ಯಾಕ್ಟೋರಿಯಲ್ 479001600ರವರೆಗೂ ಸರಿ ಉತ್ತರ. 13ಕ್ಕೆ ಅಲ್ಲೂ ಮಿತಿ ಮೀರುತ್ತದೆ. ಮಿತಿ ಇರುವುದು ಎರಡರಲ್ಲೂ ನಿಜ, ಆದರೆ ಮುಂದೆ ಕೆಲಸದಲ್ಲಿ, ಕೋಡಿಂಗ್ ಟೆಸ್ಟಿನಲ್ಲಿ ಎದುರಾಗುವುದು ಜಿಸಿಸಿಯ ಮಿತಿ. ಟರ್ಬೋದ ಸಿ++ ಅಂತೂ 1998ರಲ್ಲಿ ಭಾಷೆಗೆ ಅಧಿಕೃತ ಮಾನದಂಡ ಬರುವುದಕ್ಕೂ ಮುಂಚಿನದು. ಅದರಲ್ಲಿ ಕಲಿತ ಹೆಡರ್ ಹೆಸರುಗಳು, ಪರದೆ ಅಳಿಸುವ ಸಿಎಲ್‌ಆರ್ ಸ್ಕ್ರೀನ್, ವಾಯ್ಡ್ ಮೇನ್ ಇವನ್ನೆಲ್ಲ ಆಮೇಲೆ ಕೂತು ಮರೆಯಬೇಕಾಗುತ್ತದೆ.

ನಿಮ್ಮ ಕಾಲೇಜಿನ ಲ್ಯಾಬ್ ಪರೀಕ್ಷೆ ಟರ್ಬೋದಲ್ಲೇ ಇದ್ದರೆ? ಮನೆಯಲ್ಲಿ ಕೋಡ್ ಬ್ಲಾಕ್ಸಿನಲ್ಲಿ ಕಲಿಯಿರಿ, ಪರೀಕ್ಷೆಗೆ ಎರಡು ವಾರ ಮುಂಚೆ ಲ್ಯಾಬಿನಲ್ಲಿ ಟರ್ಬೋ ರೂಢಿ ಮಾಡಿಕೊಳ್ಳಿ. ಕಂಟ್ರೋಲ್ ಎಫ್9 ರನ್, ಆಲ್ಟ್ ಎಫ್5 ಉತ್ತರದ ಪರದೆ. ಇವೆರಡು ಕೀಲಿ ಗೊತ್ತಿದ್ದರೆ ಉಳಿದದ್ದು ನಡೆಯುತ್ತದೆ.

ಕೋಡ್ ಬ್ಲಾಕ್ಸ್ ಡೌನ್‌ಲೋಡ್ ಪುಟದಲ್ಲಿ ಹತ್ತಾರು ಫೈಲುಗಳಿರುತ್ತವೆ, ಹೆಚ್ಚಿನವರು ಎಡವುವುದು ಅಲ್ಲೇ. ಹೆಸರಿನಲ್ಲಿ ಮಿಂಗ್‌ಡಬ್ಲ್ಯೂ ಎಂದು ಸೇರಿರುವ ಸೆಟಪ್ ಫೈಲೇ ಬೇಕು. 20.03 ಆವೃತ್ತಿಯಲ್ಲಿ ಅದು ಸುಮಾರು 145 ಎಂಬಿ. ಚಿಕ್ಕದಿದೆ, ಡೇಟಾ ಉಳಿಯಿತು ಎಂದು ಸುಮಾರು 35 ಎಂಬಿಯದನ್ನು ತೆಗೆದುಕೊಂಡರೆ ಅದರಲ್ಲಿ ಕಂಪೈಲರ್ ಇರುವುದಿಲ್ಲ. ರನ್ ಒತ್ತಿದಾಗ ಜಿಸಿಸಿ ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಕಾರಣ ಹೆಚ್ಚೂಕಡಿಮೆ ಯಾವಾಗಲೂ ಇದೇ. ತೆಗೆದುಹಾಕಿ ಸರಿಯಾದದ್ದನ್ನು ಹಾಕಿ.

ಆಮೇಲೆ ಹೊಸ ಖಾಲಿ ಫೈಲ್ ತೆರೆದು, ಮೊದಲೇ ಹೆಸರಿನ ಕೊನೆಗೆ .c ಎಂಬ ಎಕ್ಸ್‌ಟೆನ್ಶನ್ ಕೊಟ್ಟು ಸೇವ್ ಮಾಡಿ, ಬರೆದು ಎಫ್9 ಒತ್ತಿದರೆ ಮುಗಿಯಿತು. ಎಕ್ಸ್‌ಟೆನ್ಶನ್ ಕೊಡದೆ ಬರೆಯತೊಡಗಿದರೆ ಅಕ್ಷರಗಳಿಗೆ ಬಣ್ಣ ಬರುವುದಿಲ್ಲ, ಅದೇ ಗುರುತು. ಡಿಬಗ್ಗರ್ ಮಾತ್ರ ಒಂಟಿ ಫೈಲಿಗೆ ಕೆಲಸ ಮಾಡುವುದಿಲ್ಲ, ಪ್ರಾಜೆಕ್ಟ್ ಮಾಡಿಕೊಳ್ಳಬೇಕು. ಪ್ರಾಜೆಕ್ಟಿನ ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ, ಕನ್ನಡ ಅಕ್ಷರ ಬೇಡ. ಸಿ ಡ್ರೈವಿನಲ್ಲೇ ಇಂಗ್ಲಿಷಿನ ಒಂದೇ ಪದದ ಫೋಲ್ಡರ್ ಮಾಡಿಕೊಂಡರೆ ತಲೆನೋವಿಲ್ಲ.

ಎರಡು ದೋಷಗಳು ಎಲ್ಲರಿಗೂ ಬರುತ್ತವೆ. ಒಂದು, ‘ಪರ್ಮಿಶನ್ ಡಿನೈಡ್’. ಹಿಂದಿನ ಸಲ ಓಡಿಸಿದ ಪ್ರೋಗ್ರಾಮಿನ ಕಪ್ಪು ಕಿಟಕಿ ಇನ್ನೂ ತೆರೆದೇ ಇರುತ್ತದೆ, ಅದರ ಮೇಲೆ ಹೊಸದನ್ನು ಬರೆಯಲು ಕಂಪೈಲರಿಗೆ ಆಗುವುದಿಲ್ಲ. ಕಿಟಕಿ ಮುಚ್ಚಿ ಮತ್ತೆ ಒತ್ತಿ. ಇನ್ನೊಂದು, ‘ಸ್ಟ್ರೇ’ ಎಂದು ಶುರುವಾಗಿ 342 ಎಂಬ ಸಂಖ್ಯೆ ಬರುವ ದೋಷ. ವಾಟ್ಸ್‌ಆ್ಯಪಿನಲ್ಲಿ ಬಂದ ಲ್ಯಾಬ್ ಮ್ಯಾನುಅಲ್ ಪಿಡಿಎಫಿನಿಂದ ನಕಲು ಮಾಡಿದಾಗ ನೆಟ್ಟಗಿನ ಉದ್ಧರಣ ಚಿಹ್ನೆಗಳ ಬದಲು ಬಾಗಿದ ಚಿಹ್ನೆಗಳು ಬಂದಿರುತ್ತವೆ. ಕಣ್ಣಿಗೆ ಎರಡೂ ಒಂದೇ ತರಹ, ಕಂಪೈಲರಿಗೆ ಅಲ್ಲ. ಆ ಚಿಹ್ನೆಗಳನ್ನು ಅಳಿಸಿ ಕೈಯಿಂದ ಟೈಪ್ ಮಾಡಿ. ಇಡೀ ಪ್ರೋಗ್ರಾಮನ್ನೇ ಕೈಯಿಂದ ಟೈಪ್ ಮಾಡಿದರೆ ಇನ್ನೂ ಒಳ್ಳೆಯದು.

ಡೆವ್ ಸಿ++ ಕೂಡ ಹಗುರ, ಸುಲಭ. ಆದರೆ ಅದು ಫೈಲನ್ನು ತಾನಾಗಿಯೇ ಸಿ++ ಎಂದು ಉಳಿಸುತ್ತದೆ. ಮೆಮೊರಿ ಪಡೆಯುವ ಮ್ಯಾಲಕ್ ಬಳಸುವ ಸರಿಯಾದ ಸಿ ಪ್ರೋಗ್ರಾಂ ಕೂಡ ಆಗ ದೋಷ ಕೊಡುತ್ತದೆ. ಸೇವ್ ಮಾಡುವಾಗ ಫೈಲಿನ ಬಗೆ ನೋಡಿಕೊಳ್ಳುವವರು ನಿಶ್ಚಿಂತೆಯಿಂದ ಬಳಸಬಹುದು.

ವಿಎಸ್ ಕೋಡ್: ಯಾವಾಗ ಸರಿ, ಯಾವಾಗ ಅಲ್ಲ

ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ಈ ಎಡಿಟರ್ ಇಂದು ಎಲ್ಲೆಡೆ ಇದೆ, ಯೋಗ್ಯತೆ ಇರುವುದರಿಂದಲೇ ಇದೆ. ಆದರೆ ಅದು ಎಡಿಟರ್ ಮಾತ್ರ. ಸಿ ಕಂಪೈಲರಾಗಲಿ ಪೈಥಾನಾಗಲಿ ಅದರೊಳಗಿಲ್ಲ. ಸಿ ಬರೆಯಲು ವಿಎಸ್ ಕೋಡ್ ಹಾಕಿ, ಎಂಸಿಸ್2 ಹಾಕಿ, ಅದರ ಟರ್ಮಿನಲ್ಲಿನಿಂದ (ಆದೇಶ ಟೈಪ್ ಮಾಡುವ ಕಿಟಕಿ) ಜಿಸಿಸಿ ತರಿಸಿಕೊಂಡು, ಆ ಫೋಲ್ಡರಿನ ವಿಳಾಸವನ್ನು ವಿಂಡೋಸಿನ ಪಾತ್‌ಗೆ ಸೇರಿಸಿ, ವಿಎಸ್ ಕೋಡ್ ಮುಚ್ಚಿ ತೆರೆದು, ಅದಕ್ಕೆ ಹೆಚ್ಚುವರಿ ಸೌಲಭ್ಯ ಸೇರಿಸುವ ಸಿ ಎಕ್ಸ್‌ಟೆನ್ಶನ್ ಹಾಕಬೇಕು. ಇವುಗಳಲ್ಲಿ ಒಂದು ತಪ್ಪಿದರೂ ‘ಜಿಸಿಸಿ ಈಸ್ ನಾಟ್ ರೆಕಗ್ನೈಸ್ಡ್’ ಎಂಬ ಸಾಲು ಕಾದಿರುತ್ತದೆ. ಇದನ್ನೆಲ್ಲ ಮಾಡಲು ಬಾರದ್ದು ದಡ್ಡತನವಲ್ಲ. ಪ್ರೋಗ್ರಾಮಿಂಗ್ ಕಲಿಯುವ ಮುಂಚೆ ಯಂತ್ರದ ಒಳವ್ಯವಸ್ಥೆ ಕಲಿಯಬೇಕಾದ ಪರಿಸ್ಥಿತಿ ಅದು, ಅಷ್ಟೇ.

ಹಾಕಿಕೊಂಡವರು ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕೋಡ್ ರನ್ನರ್ ಎಕ್ಸ್‌ಟೆನ್ಶನ್ ಹಾಕಿ, ಸ್ಕ್ಯಾನ್‌ಎಫ್ ಅಥವಾ ಇನ್‌ಪುಟ್ ಇರುವ ಪ್ರೋಗ್ರಾಂ ಓಡಿಸಿದರೆ ಸಂಖ್ಯೆ ಟೈಪ್ ಮಾಡಲು ಬರುವುದಿಲ್ಲ, ಪ್ರೋಗ್ರಾಂ ನಿಂತಂತೆ ಕಾಣುತ್ತದೆ. ಕಾರಣ, ಉತ್ತರ ಬರುತ್ತಿರುವುದು ಔಟ್‌ಪುಟ್ ಎಂಬ ಕಿಟಕಿಯಲ್ಲಿ; ಅದು ಓದಲು ಮಾತ್ರ. ಸೆಟ್ಟಿಂಗ್ಸಿನಲ್ಲಿ ಕೋಡ್ ರನ್ನರ್ ಎಂದು ಹುಡುಕಿ ‘ರನ್ ಇನ್ ಟರ್ಮಿನಲ್’ಗೆ ಟಿಕ್ ಹಾಕಿ. ಹಾಗೆಯೇ ಫೈಲ್ ಮೆನುವಿನಲ್ಲಿ ಆಟೋ ಸೇವ್ ಆನ್ ಮಾಡಿ. ಫೈಲಿನ ಹೆಸರಿನ ಪಕ್ಕ ಚುಕ್ಕೆ ಕಾಣುತ್ತಿದ್ದರೆ ಸೇವ್ ಆಗಿಲ್ಲವೆಂದು ಅರ್ಥ. ತಿದ್ದಿದ ಮೇಲೂ ಹಳೆಯ ಉತ್ತರವೇ ಬರುತ್ತಿದೆ ಎನ್ನುವವರ ಪರದೆಯಲ್ಲಿ ಆ ಚುಕ್ಕೆ ಇದ್ದೇ ಇರುತ್ತದೆ.

ಕರೆಂಟಿನ ವಿಷಯದಲ್ಲಿ ಮಾತ್ರ ಇದು ಉಳಿದೆಲ್ಲದಕ್ಕಿಂತ ಮುಂದು. ಸೇವ್ ಮಾಡದ ಬರಹದ ನಕಲನ್ನೂ ಆಗಾಗ ಇಟ್ಟುಕೊಳ್ಳುತ್ತದೆ, ಯಂತ್ರ ಥಟ್ಟನೆ ಆರಿದರೂ ಮತ್ತೆ ತೆರೆದಾಗ ಹೆಚ್ಚಿನದು ಉಳಿದಿರುತ್ತದೆ.

8 ಜಿಬಿ ಮೆಮೊರಿ, ಎಸ್‌ಎಸ್‌ಡಿ ಇದ್ದರೆ ಸಲೀಸು. 4 ಜಿಬಿಯಲ್ಲಿ, ಪಕ್ಕದಲ್ಲಿ ಕ್ರೋಮಿನ ನಾಲ್ಕಾರು ಟ್ಯಾಬ್ ತೆರೆದು ಕೂತರೆ ಒಂದೊಂದು ಅಕ್ಷರಕ್ಕೂ ಕಾಯಬೇಕು. ವಿಂಡೋಸ್ 7 ಇದ್ದವರಿಗೆ 1.70ರ ನಂತರದ, 32 ಬಿಟ್ ವಿಂಡೋಸ್ ಇದ್ದವರಿಗೆ 1.83ರ ನಂತರದ ಆವೃತ್ತಿಗಳು ಬರುವುದಿಲ್ಲ.

ಎಐ ಬಗ್ಗೆ ಒಂದು ಮಾತು. ವಿಎಸ್ ಕೋಡಿನಲ್ಲಿ ಕೋಪೈಲಟ್‌ಗೆ ಸೈನ್ ಇನ್ ಆದರೆ, ನೀವು ಎರಡು ಸಾಲು ಬರೆಯುವಷ್ಟರಲ್ಲಿ ಉಳಿದ ಹತ್ತು ಸಾಲು ಬೂದು ಬಣ್ಣದಲ್ಲಿ ಮೂಡುತ್ತದೆ, ಟ್ಯಾಬ್ ಒತ್ತಿದರೆ ಪ್ರೋಗ್ರಾಂ ತಯಾರು. ಮೊದಲ ಆರು ತಿಂಗಳು ಅದನ್ನು ಆಫ್ ಮಾಡಿಡಿ. ಲ್ಯಾಬ್ ಪರೀಕ್ಷೆಯಲ್ಲಿ, ಸಂದರ್ಶನದ ಬಿಳಿ ಹಾಳೆಯ ಮೇಲೆ ಆ ಬೂದು ಸಾಲು ಬರುವುದಿಲ್ಲ. ಬರೆದ ಮೇಲೆ ಅರ್ಥವಾಗದ ದೋಷದ ಬಗ್ಗೆ ಎಐಯನ್ನು ಕೇಳಿ ತಿಳಿಯುವುದು ಬೇರೆ, ಅದಕ್ಕೆ ಅಡ್ಡಿಯಿಲ್ಲ.

ವೆಬ್ ಕಲಿಯುವವರು ಮಾತ್ರ ಮೊದಲ ದಿನದಿಂದಲೇ ವಿಎಸ್ ಕೋಡ್ ಹಿಡಿಯಬಹುದು. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟಿಗೆ ಕಂಪೈಲರ್ ಬೇಕಿಲ್ಲ, ಬ್ರೌಸರೇ ಸಾಕು. ಜಾವಾ ಇದ್ದವರು ಬ್ಲೂಜೆಯಿಂದ ಶುರು ಮಾಡಿ. ಅದೂ ಕಲಿಯುವವರಿಗೆಂದೇ ಮಾಡಿದ್ದು, ಕ್ಲಾಸುಗಳನ್ನು ಚಿತ್ರವಾಗಿ ತೋರಿಸುತ್ತದೆ, ಜಾವಾ ಓಡಿಸಲು ಬೇಕಾದ ಜೆಡಿಕೆ ಸೇರಿಸಿದ ಇನ್‌ಸ್ಟಾಲರ್ ಸಿಗುತ್ತದೆ.

ಹಾಕದೆಯೇ ಬಳಸುವವು

ಗೂಗಲ್ ಕೊಲ್ಯಾಬ್ ಬ್ರೌಸರಿನಲ್ಲೇ ಪೈಥಾನ್ ಓಡಿಸುತ್ತದೆ. ಓಡುವುದು ಗೂಗಲ್‌ನ ಯಂತ್ರದಲ್ಲಾದ್ದರಿಂದ ನಿಮ್ಮದು ಎಷ್ಟು ಹಳೆಯದಾದರೂ ನಡೆಯುತ್ತದೆ. ಡೇಟಾ ಸೈನ್ಸ್ ಪಾಠಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ. ಆದರೆ ನೆಟ್ ಹೋದರೆ ಕೆಲಸ ನಿಂತಿತು. ಉಚಿತ ಸೆಷನ್ ಹೆಚ್ಚೆಂದರೆ 12 ಗಂಟೆ, ಸುಮ್ಮನೆ ಬಿಟ್ಟರೆ ಅದಕ್ಕೂ ಮುಂಚೆಯೇ ಕಡಿಯುತ್ತದೆ. ನೋಟ್‌ಬುಕ್ (ಕೊಲ್ಯಾಬಿನ ಫೈಲ್) ಗೂಗಲ್ ಡ್ರೈವಿನಲ್ಲಿ ಉಳಿಯುತ್ತದೆ, ನೀವು ಅಪ್‌ಲೋಡ್ ಮಾಡಿದ ಫೈಲುಗಳು ಉಳಿಯುವುದಿಲ್ಲ. ಸೆಲ್‌ಗಳನ್ನು (ಕೋಡಿನ ತುಂಡುಗಳನ್ನು) ಹಿಂದೆ ಮುಂದೆ ಓಡಿಸಿದಾಗ ಅಳಿಸಿದ ವೇರಿಯೇಬಲ್ಲಿನ ಹಳೆಯ ಬೆಲೆ ಉಳಿದುಕೊಂಡು ಹೊಸಬರನ್ನು ಗೊಂದಲಕ್ಕೆ ತಳ್ಳುತ್ತದೆ. ರನ್‌ಟೈಮ್ ಮೆನುವಿನಿಂದ ಎಲ್ಲವನ್ನೂ ಹೊಸದಾಗಿ ಶುರು ಮಾಡಿ ನೋಡುವುದೇ ಮದ್ದು.

ಸಿ ಪ್ರೋಗ್ರಾಮನ್ನು ಥಟ್ಟನೆ ನೋಡಬೇಕೆಂದರೆ ಆನ್‌ಲೈನ್‌ಜಿಡಿಬಿ ಚೆನ್ನಾಗಿದೆ, ಡಿಬಗ್ಗರ್ ಕೂಡ ಇದೆ. ಒಳ್ಳೆಯ ನೆಟ್ ಇರುವ ಹಾಸ್ಟೆಲಿನವರಿಗೆ ಗಿಟ್‌ಹಬ್ ಕೋಡ್‌ಸ್ಪೇಸಸ್ ಇದೆ. ಬ್ರೌಸರಿನೊಳಗೆ ಪೂರ್ತಿ ವಿಎಸ್ ಕೋಡ್, 2 ಕೋರಿನ ಯಂತ್ರವಾದರೆ ತಿಂಗಳಿಗೆ 60 ಗಂಟೆ ಉಚಿತ. ಬಳಸಿದ ಮೇಲೆ ನಿಲ್ಲಿಸುವುದನ್ನು ಮರೆತರೆ ಗಂಟೆಗಳು ವ್ಯರ್ಥವಾಗುತ್ತವೆ.

ಲ್ಯಾಪ್‌ಟಾಪ್ ಇಲ್ಲದವರು ಕಾಯಬೇಕಿಲ್ಲ. ಆ್ಯಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಹಾಕಿಕೊಂಡರೆ ನೆಟ್ ಇಲ್ಲದೆಯೂ ಪೈಥಾನ್ ಓಡುತ್ತದೆ. ಸಿ ಭಾಷೆಗೆ ಸಿಎಕ್ಸ್‌ಎಕ್ಸ್‌ಡ್ರಾಯ್ಡ್ ಇದೆ. ಉಚಿತ ಆವೃತ್ತಿಯಲ್ಲಿ ಜಾಹೀರಾತು ಇರುತ್ತದೆ. ಬೆರಳಿನಲ್ಲಿ ಕೋಡ್ ಬರೆಯುವುದು ಹತ್ತು ಸಾಲಿಗೇ ಸಾಕೆನಿಸುತ್ತದೆ. ಓಟಿಜಿ ಕೇಬಲ್ ಮತ್ತು ಸಾಧಾರಣ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿದರೆ ಅದೇ ಫೋನು ಮೊದಲ ಸೆಮಿಸ್ಟರಿನ ಪೈಥಾನ್ ಪಾಠ ಪೂರ್ತಿ ದಾಟಿಸುತ್ತದೆ.

ಕೈಯಲ್ಲಿರುವ ಹಣ ಎಲ್ಲಿಗೆ

ಹಳೆಯ ಲ್ಯಾಪ್‌ಟಾಪ್ ನಿಧಾನ ಎಂದು ಹೊಸದು ಕೊಳ್ಳುವ ಮೊದಲು ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿ ನೋಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಬೇರಾವುದರಿಂದಲೂ ಬರುವುದಿಲ್ಲ. ಆಮೇಲೆ ಹಣ ಉಳಿದರೆ ಮೆಮೊರಿಯನ್ನು 8 ಜಿಬಿಗೆ ಏರಿಸಿ. ಬೀದರಿನವರು ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ಹೈದರಾಬಾದಿಗೆ ಹೋಗುವುದು ವಾಡಿಕೆ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಅದಕ್ಕೆ ಹೆಸರುವಾಸಿ. ಅಲ್ಲಿ ಕೊಳ್ಳುವಾಗ ಚಾರ್ಜರ್ ಕಿತ್ತು ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ನಿಂತು ನೋಡಿ. ನಮ್ಮ ಬೇಸಿಗೆಗೆ ಪ್ರೊಸೆಸರಿಗಿಂತ ಬ್ಯಾಟರಿ ಮುಖ್ಯ.

ಒಂದು ರೂಪಾಯಿಯೂ ಇಲ್ಲದಿದ್ದರೆ ವಿಂಡೋಸ್ ಬದಲಿಗೆ ಉಚಿತ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 4 ಜಿಬಿ ಯಂತ್ರದಲ್ಲಿ ಹಗುರಾಗಿ ಓಡುತ್ತದೆ, ಪೈಥಾನ್ ಮೊದಲೇ ಇರುತ್ತದೆ, ಬಿಲ್ಡ್ ಎಸೆನ್ಶಿಯಲ್ ಎಂಬ ಒಂದು ಪ್ಯಾಕೇಜ್ ಹಾಕಿದರೆ ಜಿಸಿಸಿ ಬರುತ್ತದೆ. ಅದರ ಜೊತೆ ಗೀನಿ ಎಡಿಟರ್: ಎಫ್9 ಬಿಲ್ಡ್, ಎಫ್5 ರನ್. ಹಾಕುವ ಮುನ್ನ ಮನೆಯವರ ಫೋಟೊ, ದಾಖಲೆಗಳನ್ನು ಪೆನ್ ಡ್ರೈವಿಗೆ ತೆಗೆದಿಡಿ, ಡಿಸ್ಕ್ ಪೂರ್ತಿ ಅಳಿಸಿಹೋಗುವ ಆಯ್ಕೆ ಆ ಪರದೆಯಲ್ಲೇ ಇರುತ್ತದೆ.

ಪ್ರೋಗ್ರಾಮಿನಲ್ಲಿ ಕನ್ನಡ ಬಳಸುವವರಿಗೆ: ನುಡಿಯಲ್ಲಿ ಬರೆಯುವುದಾದರೆ ಯೂನಿಕೋಡ್ ಆಯ್ಕೆಯಲ್ಲೇ ಬರೆಯಿರಿ. ಥಾನಿಯ ಶೆಲ್ಲಿನಲ್ಲಿ ಕನ್ನಡ ಮೂಡುತ್ತದೆ. ಕೋಡ್ ಬ್ಲಾಕ್ಸಿನ ಕಪ್ಪು ಕಿಟಕಿಯಲ್ಲಿ ಅಡ್ಡಾದಿಡ್ಡಿ ಚಿಹ್ನೆಗಳು ಬಂದರೆ ತಪ್ಪು ನಿಮ್ಮ ಪ್ರೋಗ್ರಾಮಿನದಲ್ಲ, ಆ ಕಿಟಕಿಗೆ ಕನ್ನಡ ತೋರಿಸಲು ಬರುವುದಿಲ್ಲ.

ಥಾನಿಯಿಂದಾಗಲಿ ಕೋಡ್ ಬ್ಲಾಕ್ಸಿನಿಂದಾಗಲಿ ವಿಎಸ್ ಕೋಡಿಗೆ ಹೋಗುವ ಹೊತ್ತು ತಾನಾಗಿ ತಿಳಿಯುತ್ತದೆ. ಒಂದೇ ಪ್ರೋಗ್ರಾಂ ಮೂರು ನಾಲ್ಕು ಫೈಲುಗಳಾಗಿ ಹರಡಿಕೊಂಡಾಗ, ನಿನ್ನೆಯ ಆವೃತ್ತಿಗೆ ಹಿಂದಿರುಗಲು ಗಿಟ್ ಬೇಕೆನಿಸಿದಾಗ, ಪೈಥಾನ್ ಜೊತೆಗೆ ವೆಬ್ ಪುಟವೂ ಸೇರಿದಾಗ ಬದಲಾಯಿಸಿ. ಆಗ ಪಾತ್, ಟರ್ಮಿನಲ್, ಎಕ್ಸ್‌ಟೆನ್ಶನ್ ಎಂಬ ಪದಗಳು ಏನೆಂದು ಗೊತ್ತಿರುತ್ತದೆ, ಮೊದಲ ದಿನ ಮೂರು ತಾಸು ಹಿಡಿಯುತ್ತಿದ್ದ ಅದೇ ಜೋಡಣೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ.